ಬಿಚ್ಚಿ ನೋಡಬಾರದ ಮುಖ

ತಾಕತ್ತಿದ್ದರೆ ಇದನ್ನು ನಂಬದೆ ಇರಿ, ನೋಡೋಣ. ನನ್ನ ಮಾತನ್ನು ಸುತರಾಂ ನಂಬುವುದಿಲ್ಲ ಎಂದು ಎದೆ ತಟ್ಟಿಕೊಂಡವರನ್ನೆಲ್ಲ ನಾನು ನಂಬಿಸಿದ್ದೇನೆ. ಮಾಲೂರಿನ ಮೇಸ್ತ್ರಿಗಳು, ಶ್ರೀನಿವಾಸಪುರದ ಮಂಡಿಯವರು, ಮುಳಬಾಗಿಲಿನ ಅಜ್ಜಿಯರು, ಯಾರೂ ತಪ್ಪಿಸಿಕೊಂಡಿಲ್ಲ. ಹೋದ ವರ್ಷ ಮಾತ್ರ, ಎಪ್ಪತ್ತು ದಾಟಿದ ಮೇಲೆ ಮೊದಲ ಸಲ, ಎಲ್ಲರ ಮುಂದೆ ನಿಂತು ಒಂದು ನಿಜ ಹೇಳಿದೆ. ಒಬ್ಬನೂ ನಂಬಲಿಲ್ಲ. ಆ ಆಘಾತದಿಂದ ನಾನಿನ್ನೂ ಪೂರ್ತಿ ಎದ್ದಿಲ್ಲ.

ನಮ್ಮದು ದೃಷ್ಟಿ ಬೊಂಬೆ ಮಾಡುವ ಕಸುಬು. ಕಟ್ಟುತ್ತಿರುವ ಮನೆಯ ನೆತ್ತಿಯಲ್ಲಿ, ಟೊಮೆಟೊ ತೋಟದ ಮೂಲೆಯಲ್ಲಿ, ಲಾರಿಯ ಮೂತಿಯಲ್ಲಿ ನಾಲಗೆ ಚಾಚಿ ಕೂರುವ ಕರಿ ಮುಖವಿದೆಯಲ್ಲ, ಅದು. ಟೇಕಲ್ ಸ್ಟೇಷನ್ ರಸ್ತೆಯ ತಗಡಿನ ಶೆಡ್ಡಿನಲ್ಲಿ ನಾವು ಮೂವರು. ಅಚ್ಚು ಒತ್ತುವವನು ಮುಳಬಾಗಿಲಿನಿಂದ ಬಂದು ಇಲ್ಲೇ ನೆಲೆಸಿದ ಭಾಯ್. ನನ್ನ ವಾರಿಗೆಯವನು, ನಲವತ್ತು ವರ್ಷದ ಜೊತೆಗಾರ. ಕಾಗದ ನೆನೆಸಿ ಕುಟ್ಟುವುದು, ಸೀಮೆಸುಣ್ಣ ಬಳಿಯುವುದು, ಫೋನು ಎತ್ತುವುದು ನನ್ನ ಸೊಸೆ. ಮಗ ಟೊಮೆಟೊ ಲಾರಿಯ ಡ್ರೈವರು, ಊರಲ್ಲಿರುವುದೇ ಕಡಿಮೆ. ಇನ್ನು ಕಣ್ಣು ಬರೆಯುವವನು ನಾನು. ಒಂದು ಕಣ್ಣಿಗೆ ಒಂದೇ ಎಳೆತ. ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬನನ್ನು ತೋರಿಸಿ, ಕುಂಚ ಕೆಳಗಿಡುತ್ತೇನೆ.

ಕೆಲಸದ ಕ್ರಮ ಹೀಗೆ. ಹಳೇ ಪೇಪರು ಮೂರು ದಿನ ನೀರಿನಲ್ಲಿ. ಆಮೇಲೆ ಒರಳಿನಲ್ಲಿ ಕುಟ್ಟಿ ಹುಣಸೆಬೀಜದ ಅಂಟು, ಹುಳ ಬೀಳದಿರಲು ಒಂದು ಹಿಡಿ ಮೆಂತ್ಯದ ಪುಡಿ. ಅಚ್ಚಿಗೆ ಒಂದು ಬೆರಳು ದಪ್ಪ ಒತ್ತಿ, ಮೊದಲ ದಿನ ನೆರಳಿನಲ್ಲಿ, ಎರಡನೇ ದಿನ ಬಿಸಿಲಿನಲ್ಲಿ. ನೆರಳು ತಪ್ಪಿಸಿದರೆ ಮೂಗು ಸೀಳುತ್ತದೆ. ಮೇಲೆ ಸೀಮೆಸುಣ್ಣ ಎರಡು ಕೈ, ಉಪ್ಪುಕಾಗದದ ಉಜ್ಜು, ಕರಿ ಬಣ್ಣ, ಕೆಂಪು ನಾಲಗೆ, ಬಿಳಿ ಹಲ್ಲು. ಕಣ್ಣು ಎಲ್ಲಕ್ಕಿಂತ ಕೊನೆಗೆ. ಕಣ್ಣು ಬರೆದ ಕೂಡಲೇ ಮುಖವನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಗೋಡೆ ಕಡೆ ತಿರುಗಿಸಿ ಇಡಬೇಕು. ಕೊಂಡವರೂ ಬಿಚ್ಚಿ ನೋಡಬಾರದು. ಮನೆಗೆ ಕಟ್ಟಿದ ಮೇಲೆ ಹಿಂದಿನಿಂದ ದಾರ ಎಳೆದು ಪೇಪರು ಬೀಳಿಸಬೇಕು. ಮೊದಲ ನೋಟ ಬೀದಿಯವರದ್ದೇ ಆಗಬೇಕು. ಕೋಲಾರದ ಅಂಗಡಿಗಳಲ್ಲೂ ಇದೇ ನಿಯಮ. ಈ ನಿಯಮ ಎಲ್ಲಿ ಹುಟ್ಟಿತು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಹೋದ ಆಷಾಢದಲ್ಲಿ ಶೆಡ್ಡಿನ ಗೋಡೆಗೆ ಮುನ್ನೂರು ಮುಖ ಒರಗಿದ್ದವು. ಮೂಟೆಗಟ್ಟಲೆ ಪ್ಲಾಸ್ಟಿಕ್ ಮುಖ ಸಂತೆಗೆ ಬಂದು ಬೀಳುತ್ತಿದ್ದಾಗ ನಮ್ಮದನ್ನು ಕೇಳುವವರು ಯಾರು? ಒಂದು ಬೆಳಗ್ಗೆ ಸೊಸೆ ಒನಕೆ ಕೆಳಗಿಟ್ಟಳು.

"ಮಾವ, ಆ ಕಡೆ ಫ್ಯಾಕ್ಟರೀಲಿ ಹೆಂಗಸ್ರನ್ನ ತಗೋತಾವ್ರೆ. ಬಸ್ಸು ಸ್ಟೇಷನ್ ತಂಕ ಬತ್ತದೆ. ನಾನು ಹೋಗ್ತೀನಿ."

"ಮತ್ತೆ ಇಲ್ಲಿ?"

"ಇಲ್ಲೇನೈತೆ? ಮುನ್ನೂರು ಮುಖ ಮುನಿಸ್ಕೊಂಡು ಗೋಡೆ ನೋಡ್ತಾ ಕೂತವೆ."

ಭಾಯ್ ಅಚ್ಚಿಗೆ ಇನ್ನೊಂದು ಹಿಡಿ ಹಿಟ್ಟು ಒತ್ತಿದ. ಒರಳು ಅವಳ ಕೈಯಲ್ಲಿತ್ತು. ನಮ್ಮಿಬ್ಬರ ರಟ್ಟೆಗೆ ಒನಕೆ ಎತ್ತುವ ಕಸುವು ಹೋಗಿ ವರ್ಷಗಳಾಗಿದ್ದವು. ಅವಳು ಬಸ್ಸು ಹತ್ತಿದ ದಿನ ಶೆಡ್ಡಿಗೆ ಬೀಗ, ಅಷ್ಟೇ.

"ಒಂದು ಕೆಲ್ಸ ಮಾಡ್ತೀನಿ," ಅಂದಳು. "ಫೋನಲ್ಲಿ ಒಂದು ಪೇಜ್ ತೆಗೀತೀನಿ. ಫೋಟೋ, ರೀಲ್ಸು ಎಲ್ಲಾ ಹಾಕಣ. ಆಯುಧಪೂಜೆ ಒಳಗೆ ಈ ಮುನ್ನೂರೂ ಹೋದ್ರೆ ಇರ್ತೀನಿ. ಒಂದು ಉಳುದ್ರೂ ಬಸ್ಸು."

"ಮುನ್ನೂರೇನು, ಆರುನೂರು ಕಳಿಸ್ತೀನಿ ನೋಡು," ಎಂದೆ ನಾನು. ಆಗ ಅವಳು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ.

"ಮಾವ, ಸುತ್ತಿರೋ ಪೇಪರ್ ಬಿಚ್ಚಿ ಮುಖ ತೋರಿಸ್ಬೋದಾ?"

"ಓಹೋ, ಧಾರಾಳವಾಗಿ!"

ಭಾಯ್ ಒಮ್ಮೆ ನನ್ನ ಮುಖ ನೋಡಿದ. "ಸೋಚ್ ಲೇ ರೇ," ಅಂದ. ಯೋಚನೆ ಮಾಡು ಅಂತ. ನಾನು ಮಾಡಲಿಲ್ಲ.

ಮೊದಲ ಹದಿನೈದು ದಿನ ಬರೀ ಸೋಲು. ಹೊಳೆಯುವ ಕರಿ ಬಣ್ಣಕ್ಕೆ ಫೋನು ಹಿಡಿದರೆ ಮೂಗೂ ಇಲ್ಲ, ಹುಬ್ಬೂ ಇಲ್ಲ. ಕೆನ್ನೆಯ ಮೇಲೆ ಆಕಾಶ, ಹಣೆಯ ಮೇಲೆ ಫೋನು ಹಿಡಿದ ಸೊಸೆ. ಮೊದಲ ವಿಡಿಯೋ ನೋಡಿದವರು ಹನ್ನೊಂದು ಜನ, ಅದರಲ್ಲಿ ನಾನೇ ನಾಲ್ಕು ಸಲ. ಆಮೇಲೆ ಒಂದೊಂದೇ ಕಲಿತೆವು. ಬಿಸಿಲೇರುವ ಮುಂಚೆ ಬೇವಿನ ನೆರಳಿಗೆ ಒಯ್ಯಬೇಕು. ಹಿಂದೆ ನನ್ನ ಬಿಳಿ ಪಂಚೆ ಕಟ್ಟಬೇಕು. ಫೋನನ್ನು ಉದ್ದುದ್ದ ನಿಲ್ಲಿಸಬೇಕು. ಕೈಯಲ್ಲಿ ಹಿಡಿದರೆ ನಡುಗುತ್ತದೆಂದು ಮಲ್ಲಿಗೆ ಚಪ್ಪರದ ಕೋಲಿಗೆ ಕಟ್ಟಿದೆವು. ಮೊದಲ ಮೂರು ಸೆಕೆಂಡಿನಲ್ಲಿ ನೋಡುವವನ ಹೆಬ್ಬೆರಳು ನಿಲ್ಲದಿದ್ದರೆ ನಾವು ಸತ್ತೆವು ಎಂದು ಸೊಸೆ ಹೇಳಿಕೊಟ್ಟಳು. ಹಾಗಾಗಿ ಕುಟ್ಟುವುದು, ಒತ್ತುವುದು ಎಲ್ಲ ಕತ್ತರಿಸಿ, ನಾನು ಕಣ್ಣೆಳೆಯುವುದರಿಂದಲೇ ಶುರು. ಹಿಂದಿನ ಹಾಡು ತೆಗೆದು ಸ್ಟೇಷನ್ನಿನಲ್ಲಿ ರೈಲು ಹಾಯುವ ಸದ್ದು ಹಾಕಿದೆವು. ಅಕ್ಷರ ಕನ್ನಡದಲ್ಲೊಂದು ಸಾಲು, ತೆಲುಗಿನಲ್ಲೊಂದು ಸಾಲು. ನೋಡುವವರು ನೂರಾದರು, ಇನ್ನೂರಾದರು. ಕೊಳ್ಳುವವರು ಒಬ್ಬರೂ ಇಲ್ಲ.

ಆಗ ನಾನು ನನ್ನ ಹಳೇ ವಿದ್ಯೆ, ಬೊಂಬೆ ತೊಟ್ಟು ಜನರನ್ನು ಬೆಚ್ಚಿಸುವುದನ್ನು, ಹೊರತೆಗೆದೆ. ವಕ್ಕಲೇರಿ ಕಡೆಯ ಒಂದು ಹಳ್ಳಿ. ಹಾಲು ಹಾಕುವವರ ಬೆಳಗಿನ ಸಾಲು. ಪಶು ಆಹಾರದ ಮೂಟೆಗಳ ಹಿಂದೆ ನಾನು, ಮುಖಕ್ಕೆ ಬೊಂಬೆ. ದೂರದ ಮರದಡಿ ಫೋನು ಹಿಡಿದ ಸೊಸೆ. ಹಾಲು ಅಳೆಯುವವನು, ನೀರು ಬೆರೆತಿದೆಯೇ ಎಂದು ನೋಡುವ ಡಿಗ್ರಿ ಕಡ್ಡಿಯನ್ನು ಕಣ್ಣಿಗೆ ಹಿಡಿದ ಕ್ಷಣಕ್ಕೆ ಸರಿಯಾಗಿ ಎದ್ದೆ. ಅವನು ಕಿರುಚಿದ ನೋಡಿ! ಕಡ್ಡಿ ಎಸೆದು, ಚಪ್ಪಲಿ ಬಿಟ್ಟು, ಕ್ಯಾನುಗಳ ಮೇಲೆ ಹಾರಿ ರಸ್ತೆ ತನಕ ಓಡಿದ. ಸಾಲಿನವರು ನಕ್ಕು ನಕ್ಕು ಅಲ್ಲೇ ಕೂತರು.

ಅವತ್ತು ಸಾಯಂಕಾಲಕ್ಕೆ ಸಾವಿರ, ಮಾರನೇ ದಿನ ಐವತ್ತು ಸಾವಿರ, ಮೂರನೇ ದಿನ ಲಕ್ಷ ದಾಟಿತು. ಫೋನು ಬಿಸಿಯಾಗಿ ಸೊಸೆ ಅದನ್ನು ನೀರಿನ ಮಡಕೆ ಪಕ್ಕ ಇಟ್ಟಳು. ನಲವತ್ತು ಜನ ಆರ್ಡರ್ ಹೇಳಿದರು. ನಾನು ಭಾಯ್ ಮುಂದೆ ಮೂರು ಸುತ್ತು ತಿರುಗಿ ಬಂದೆ.

"ನೋಡ್ದಾ? ಬಸ್ಸಿನವನಿಗೆ ಹೇಳ್ಕಳಿಸು, ಸೀಟ್ ಬೇರೆಯವ್ರಿಗೆ ಕೊಡು ಅಂತ."

"ಹಾರಾಡು," ಅಂದ ಭಾಯ್.

ನಾಲ್ಕನೇ ದಿನ ಮಧ್ಯಾಹ್ನ ಶೆಡ್ಡಿನ ಮುಂದೆ ಕಾರು ನಿಂತಿತು. ಶ್ರೀನಿವಾಸಪುರದ ಮಾವಿನ ಮಂಡಿ ಸಾಹುಕಾರ. ಮೂರಂತಸ್ತು ಮನೆ ಎಬ್ಬಿಸುತ್ತಿದ್ದವನು. ಹಿಂದಿನ ದಿನವಷ್ಟೇ ಎರಡು ಮುಖ ಒಯ್ದಿದ್ದ. ಅವೇ ಎರಡು, ಕಟ್ಟಿದ ದಾರ ಬಿಚ್ಚದ ಹಾಗೇ, ಕೈಯಲ್ಲಿದ್ದವು.

"ಏಂ ತಾತಾ, ಫೋನಲ್ಲಿ ಕುಣೀತಿತ್ತಲ್ಲ, ಅದೇ ಮುಖಾನಾ ಇದು?"

"ಅದೇ ಅಚ್ಚು, ಅದೇ ಮುಖ! ಲಕ್ಷ ಜನ ನೋಡವ್ರೆ ಸಾಹುಕಾರ್ರೇ!"

"ಅದಕ್ಕೇ ವಾಪಸ್ ತಂದೆ."

ನನಗೆ ಅರ್ಥವಾಗಲಿಲ್ಲ. ಅವನು ಎರಡನ್ನೂ ಜೋಪಾನವಾಗಿ, ಹಾವಿನ ಬುಟ್ಟಿ ಇಡುವ ಹಾಗೆ, ಕಲ್ಲಿನ ಮೇಲಿಟ್ಟ.

"ನೀನೇ ಹೇಳಿದ್ದಲ್ವಾ ತಾತಾ, ಮೊದಲ ನೋಟ ನಮ್ಮ ಬೀದೀದೇ ಆಗ್ಬೇಕು ಅಂತ? ಇದು ಆಗ್ಲೇ ಲಕ್ಷ ಜನರ ಕಣ್ಣು ಕುಡ್ದು ಹೊಟ್ಟೆ ತುಂಬ್ಕೊಂಡೈತೆ. ನಮ್ಮನೆ ಮೇಲೆ ಬೀಳೋ ಕಣ್ಣಿಗೆ ಇದ್ರಲ್ಲಿ ಜಾಗ ಎಲ್ಲೈತೆ? ಅಯಿಪೋಯಿಂದಿ. ಮುಗೀತು ಇದರ ಕಥೆ."

"ಅಯ್ಯೋ, ಫೋನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ!"

"ಕಣ್ಣು ಕಣ್ಣೇ ತಾತಾ. ದುಬೈಯಿಂದೆಲ್ಲಾ ನೋಡವ್ರೆ. ದುಬೈ ದೃಷ್ಟಿನ ನಾನ್ಯಾಕೆ ಮನೆಗೆ ತರ್ಲಿ?"

ಕಾರು ಹೋಯಿತು. ನಾನು ಕಲ್ಲಿನ ಪಕ್ಕ ಇನ್ನೊಂದು ಕಲ್ಲಾಗಿ ಕೂತೆ. ಸಂಜೆಯೊಳಗೆ ಮಾಲೂರಿನ ಮೇಸ್ತ್ರಿ ಫೋನು ಮಾಡಿದ, ಕೋಲಾರದ ಅಂಗಡಿಯವನು ಮಾಡಿದ. ಎಲ್ಲರದೂ ಒಂದೇ ಮಾತು: ಎಂಜಲು ಮುಖ ಬೇಡ. ನಲವತ್ತು ಆರ್ಡರಿನಲ್ಲಿ ಉಳಿದದ್ದು ಸೊನ್ನೆ. ಹಳೇ ಗಿರಾಕಿಗಳೂ ಹೋದರು. ಎಲ್ಲ ಮುಖವೂ ಒಂದೇ ಅಚ್ಚಿನವು, ಒಂದು ಕೆಟ್ಟರೆ ಮುನ್ನೂರೂ ಕೆಟ್ಟಂತೆ. ಹನ್ನೊಂದು ಜನ ನೋಡಿದಾಗ ನಾವು ಇಷ್ಟು ಹಾಳಾಗಿರಲಿಲ್ಲ.

ಈಗ ಆ ನಿಯಮ ಹುಟ್ಟಿದ ಕತೆ. ಹೇಳಿಬಿಡುತ್ತೇನೆ. ಅದನ್ನು ಹುಟ್ಟಿಸಿದವನು ನಾನೇ.

ನಲವತ್ತು ವರ್ಷದ ಹಿಂದೆ ಹಬ್ಬದ ಅವಸರದಲ್ಲಿ ಐವತ್ತು ಮುಖಕ್ಕೆ ಕಣ್ಣು ಬರೆಯುವಾಗ ಕೈ ತಪ್ಪಿ ಎಲ್ಲವೂ ಮೆಳ್ಳೆಗಣ್ಣಾದವು. ಒಂದು ಕಣ್ಣು ಟೇಕಲ್ ಬೆಟ್ಟ ನೋಡಿದರೆ ಇನ್ನೊಂದು ಮಾಲೂರು. ತಿದ್ದಲು ಸಮಯವಿಲ್ಲ. ಪೇಪರಿನಲ್ಲಿ ಸುತ್ತಿ, ಮೊದಲು ಬಂದ ಮೇಸ್ತ್ರಿಗೆ ಗಂಭೀರವಾಗಿ ಹೇಳಿದೆ: "ಬಿಚ್ಚಿ ನೋಡಬೇಡಪ್ಪಾ. ಮೊದಲ ನೋಟಕ್ಕೆ ಅದರ ಶಕ್ತಿಯೆಲ್ಲ ಹೋಗುತ್ತೆ." ಅವನು ಕೈಮುಗಿದು ಒಯ್ದ. ಕಟ್ಟಿದ ಮೇಲೆ ಯಾರು ಕಣ್ಣು ನೇರವಿದೆಯೇ ಎಂದು ಏಣಿ ಹಾಕಿ ನೋಡುತ್ತಾರೆ? ಐವತ್ತೂ ಖರ್ಚಾದವು. ಮುಂದಿನ ವರ್ಷ ಬಂದವರು "ಸುತ್ತಿರೋದೇ ಕೊಡಿ" ಎಂದರು. ನಾನು ಒಳಗೊಳಗೇ ನಕ್ಕೆ. ನಲವತ್ತು ವರ್ಷ ನಕ್ಕೆ. ಭಾಯ್‌ಗೂ ಹೇಳಿರಲಿಲ್ಲ.

ಸೊಸೆಗೆ ಹೇಳಿದೆ. ಅವಳು ಫೋನನ್ನು ಮತ್ತೆ ಕೋಲಿಗೆ ಕಟ್ಟಿದಳು.

"ಅಂಗಾದ್ರೆ ಕ್ಯಾಮೆರಾ ಮುಂದೆ ನಿಂತ್ಕಂಡು ಒಪ್ಕೊಳಿ ಮಾವ."

ಹೆಮ್ಮೆ ನುಂಗಿ, ಇಸ್ತ್ರಿ ಅಂಗಿ ಹಾಕಿ, ಬೇವಿನ ಕೆಳಗೆ ನಿಂತೆ. ನಿಯಮ ಸುಳ್ಳು, ಹುಟ್ಟಿಸಿದವನು ನಾನು, ಕಾರಣ ಮೆಳ್ಳೆಗಣ್ಣು. ಒಂದೂ ಬಿಡದೆ ಹೇಳಿದೆ. ಕೈ ಜೋಡಿಸಿ ಕ್ಷಮೆಯನ್ನೂ ಕೇಳಿದೆ. ಕೆಳಗೆ ಬಂದ ಮಾತುಗಳನ್ನು ಸೊಸೆ ಓದಿದಳು: "ಸ್ಟಾಕ್ ಖಾಲಿ ಮಾಡಕ್ಕೆ ಅಜ್ಜನ ಡ್ರಾಮಾ." "ತಾತಾ, ಆಸ್ಕರ್ ನಿಂಗೇ." "ಹಾಲಿನ ಸಾಲಲ್ಲಿ ಬೊಂಬೆ ತೊಟ್ಟೋನು ಇವನೇ ಅಲ್ವಾ? ನಂಬಬೇಡ್ರಪ್ಪೋ."

ಮುಳಬಾಗಿಲಿನ ಮುದುಕಿಯೊಬ್ಬಳು ಯಾರದೋ ಫೋನಿನಿಂದ ಬೈದದ್ದು ಎಲ್ಲಕ್ಕಿಂತ ಜೋರು. "ಏನ್ಲಾ, ನಮ್ಮತ್ತೆ ಕಾಲ್ದಾಗೆ ನಿನ್ನತ್ರ ತಂದು ಬಿಚ್ಚದೇ ಕಟ್ಟಿದ್ವಿ. ಮನೆ ಕಟ್ಟೋವಾಗ ಗಾರೆಯೋನು ಮಾಳಿಗೆಯಿಂದ ಬಿದ್ರೂ ಎದ್ದು ನಡ್ಕೊಂಡು ಹೋದ. ಅದನ್ನ ಸುಳ್ಳು ಅನ್ನಕ್ಕೆ ನೀನ್ಯಾವನೋ?"

"ನಾನೇ ಕಣಮ್ಮಾ ಅದನ್ನ ಮಾಡ್ದೋನು!"

"ಮಾಡ್ದೋನಿಗೆ ಏನ್ ಗೊತ್ತಾಯ್ತದೆ?" ಎಂದು ಫೋನಿಟ್ಟಳು.

ನನ್ನದೇ ಸುಳ್ಳು ನನಗಿಂತ ದೊಡ್ಡದಾಗಿ ಬೆಳೆದು, ನನ್ನನ್ನೇ ಯಾರೆಂದು ಕೇಳುತ್ತಿತ್ತು. ಆಯುಧಪೂಜೆಗೆ ಇನ್ನೊಂದು ತಿಂಗಳು. ಸೊಸೆ ಚಪ್ಪರದ ಕೋಲಿನಿಂದ ಫೋನು ಬಿಚ್ಚಿದಳು. ಫ್ಯಾಕ್ಟರಿ ಕೆಲಸಕ್ಕೆಂದು ಫೋಟೋ, ಆಧಾರ್ ನಕಲು ಎಲ್ಲ ಚೀಲಕ್ಕೆ ಹಾಕಿಟ್ಟಳು.

ಎರಡು ದಿನ ಶೆಡ್ಡಿನಲ್ಲಿ ಒನಕೆ ಏಳಲಿಲ್ಲ. ಮೂರನೇ ದಿನ ಬಂದಾಗ ಅವಳು ಪೇಜಿನ ವಿಡಿಯೋಗಳನ್ನು ಒಂದೊಂದಾಗಿ ಅಳಿಸುತ್ತಿದ್ದಳು. ಮುಖ ಕಾಣುವುದೆಲ್ಲ ಹೋಯಿತು. ಕೊನೆಗೆ ಹಾಲಿನ ಸಾಲಿನದು.

"ಏ, ಏ! ಲಕ್ಷ ಜನ ನೋಡಿರೋದು ಅದು!"

"ಅದಕ್ಕೇ ಮಾವ." ಒತ್ತಿಬಿಟ್ಟಳು. "ಇನ್ಮೇಲೆ ನಮ್ಮ ಪೇಜಲ್ಲಿ ಮುಖ ಒಂದು ಬಿಟ್ಟು ಎಲ್ಲಾ ತೋರ್ಸಣ."

"ಅಂಗಡಿ ಇಟ್ಕಂಡು ಸಾಮಾನು ತೋರಿಸಲ್ಲ ಅಂತೀಯಾ? ಹುಚ್ಚೇನೇ ನಿನಗೆ?"

"ನೀವು ನಲವತ್ತು ವರ್ಷ ಮಾಡಿದ್ದು ಅದನ್ನೇ ಅಲ್ವಾ?"

ಭಾಯ್ ಕೆಮ್ಮಿದ. ಅದು ಕೆಮ್ಮಾಗಿರಲಿಲ್ಲ.

ಹೀಗೆ ಎರಡನೇ ಸುತ್ತು. ಮುನ್ನೂರು ಮುಖದ ಕಣ್ಣಿಗೂ ಸೀಮೆಸುಣ್ಣ ಬಳಿದು ಕುರುಡು ಮಾಡಿದೆವು. ಒಂದೇ ಅಚ್ಚಿನವೆಂಬ ಮಾತು ಬರದಂತೆ ಭಾಯ್ ಒಂದೊಂದಕ್ಕೂ ಕಾಗದದ ಹಿಟ್ಟು ಅಂಟಿಸಿ ಮೂಗು ಬೇರೆ, ಹುಬ್ಬು ಬೇರೆ ಮಾಡಿದ. ಬಾಗಿಲು ಹಾಕಿ, ಒಳಗೆ ನಾವು ಮೂವರೇ ಕೂತು, ಹೊಸದಾಗಿ ಕಣ್ಣು ತೆರೆದೆವು. ಮುನ್ನೂರನ್ನು ನಾನೊಬ್ಬನೇ ಎಳೆಯಲು ಆಗುತ್ತಿರಲಿಲ್ಲ. ಬೆರಳು ಸೋತಾಗ ಸೊಸೆ ಕುಂಚ ಇಸಿದುಕೊಂಡಳು. ಅವಳ ಮೊದಲ ಹತ್ತು ಮೆಳ್ಳೆಗಣ್ಣು. ನಾನು ಏನೂ ಅನ್ನಲಿಲ್ಲ. ಯಾವ ಬಾಯಲ್ಲಿ ಅನ್ನಲಿ?

ಫೋನಿನ ಮುಂದೆ ಬಂದದ್ದು ಬೆನ್ನು ಮಾತ್ರ. ಮುಖದ ಹಿಂಭಾಗ, ಒರಟು ಕಾಗದ. ಅಲ್ಲಲ್ಲಿ ಕರಗದೆ ಉಳಿದ ಪೇಪರಿನ ಅಕ್ಷರ. ಯಾವುದೋ ಮದುವೆ ಜಾಹೀರಾತಿನ ಅರ್ಧ, ಟೊಮೆಟೊ ಧಾರಣೆಯ ಒಂದು ಸಾಲು. ಜನ ಅದನ್ನೇ ದೊಡ್ಡದು ಮಾಡಿ ಓದತೊಡಗಿದರು. ಕುಂಚದ ತುದಿ, ಭಾಯ್ ದಾರ ಬಿಗಿಯುವ ಬೆರಳು, ಗಂಟು. ಕೆಳಗೆ ಒಂದೇ ಸಾಲು: "ಮೊದಲ ನೋಟ ನಿಮ್ಮ ಬೀದಿಯದು."

ಒಂದು ಬೆಳಗ್ಗೆ ಸೊಸೆ ಫೋನನ್ನು ನನ್ನ ಕಡೆ ತಿರುಗಿಸಿ ಕೋಲಿಗೆ ಕಟ್ಟಿದಳು. ಭಾಯ್ ಒಂದು ಕಟ್ಟು ನನ್ನ ಕೈಗಿಟ್ಟ.

"ಬಿಚ್ಚು."

"ನಿಯಮ?"

"ಬಿಚ್ಚು ರೇ ಬುಡ್ಡೇ."

ಬಿಚ್ಚಿದೆ. ಒಳಗಿದ್ದದ್ದು ನಾನು. ನನ್ನ ಬೋಳು ಹಣೆ, ನನ್ನ ಮುರಿದ ಮುಂದಿನ ಹಲ್ಲು, ಕಿವಿಯ ಮೇಲಿನ ನಾಲ್ಕು ಕೂದಲು, ಆಚೆ ಚಾಚಿದ ನಾಲಗೆ. ಕಣ್ಣು ಮಾತ್ರ ಮೆಳ್ಳೆ. ಒಂದು ಟೇಕಲ್ ಬೆಟ್ಟ, ಒಂದು ಮಾಲೂರು. ಮುನ್ನೂರರಲ್ಲೇ ಒಂದನ್ನು ತಿದ್ದಿದ್ದು ಭಾಯ್, ಕಣ್ಣು ಬರೆದದ್ದು ಸೊಸೆ. ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಊರವರನ್ನೆಲ್ಲ ಹೆದರಿಸಿದವನಿಗೆ ಹೆದರಿಕೆ ಅಂದರೆ ಹೀಗಿರುತ್ತದೆ ಎಂದು ಅವತ್ತೇ ತಿಳಿದದ್ದು.

"ಈ ಮೆಳ್ಳೆಗಣ್ಣು... ನೀನೊಬ್ಬ ನಂಬಿದ್ಯಾ ನನ್ನ ಮಾತ್ನ?"

"ನಂಬೋದೇನ್ ಬಂತು? ಅವತ್ತೇ ಒಂದು ಬಿಚ್ಚಿ ನೋಡಿದ್ದೆ," ಅಂದ ಭಾಯ್.

"ನಲವತ್ತು ವರ್ಷ ಗೊತ್ತಿತ್ತಾ? ಮತ್ಯಾಕೋ ಸುತ್ತಿದೆ ಇಷ್ಟು ದಿನ?"

"ಸುತ್ತಿಟ್ರೆ ಬಣ್ಣ ಮಾಸಲ್ಲ ಕಣೋ. ಬಿಸ್ಲಿಗೆ ಕರಿ ಎಲ್ಲಾ ಬೂದಿ ಆಗ್ತಿತ್ತು. ನೀನು ಹೇಳಿದ್ದು ಸುಳ್ಳು, ಕೆಲ್ಸ ಸರಿಯಾಗೇ ಇತ್ತು."

ಸೊಸೆ ಆ ವಿಡಿಯೋ ಹಾಕಿದಳು. ಅದರಲ್ಲಿ ಬೊಂಬೆಯ ಬೆನ್ನು, ಮೇಲೆ ನನ್ನ ಮುಖ, ಅಷ್ಟೇ. ಅಜ್ಜ ಏನು ನೋಡಿದ ಎಂಬುದೇ ಎಲ್ಲರ ಪ್ರಶ್ನೆ. ನಾವು ಉತ್ತರ ಕೊಡಲಿಲ್ಲ. ಕುರುಡುಮಲೆ ಗಣಪತಿಯ ದರ್ಶನಕ್ಕೆ ಬಂದ ಭಕ್ತರು ಅಲ್ಲಿಂದ ದಾರಿ ಕೇಳಿಕೊಂಡು ಶೆಡ್ಡಿಗೆ ಬಂದರು. ಮಾಲೂರಿನ ಮೇಸ್ತ್ರಿ ಬಂದ. ಮಂಡಿ ಸಾಹುಕಾರ ಬಂದು ನಾಲ್ಕು ಒಯ್ದ. ಕಾರಿಗೆ ಹತ್ತುವಾಗ ನನ್ನನ್ನು ಗದರಿದ: "ಮತ್ತೆ ತೋರಿಸ್ಬಿಟ್ಟೀಯ ತಾತಾ, ಹುಷಾರ್!"

ಆಯುಧಪೂಜೆಯ ಬೆಳಗ್ಗೆ ಅಚ್ಚು, ಒನಕೆ, ಕುಂಚಗಳಿಗೆ ಕುಂಕುಮವಿಟ್ಟೆವು. ಗೋಡೆ ಬರಿದಾಗಿತ್ತು. ಒಂದು ಕಟ್ಟು ಬಿಟ್ಟು. ನನ್ನ ಮುಖದ್ದು.

"ಒಂದು ಉಳೀತಲ್ಲ ಮಾವ," ಅಂದಳು ಸೊಸೆ.

"ಅದು ಮಾರಕ್ಕಲ್ಲ ಕಣಮ್ಮಾ, ನಂದು..."

"ಒಂದು ಉಳುದ್ರೂ ಬಸ್ಸು ಅಂದಿದ್ದೆ."

ರಸ್ತೆಯಲ್ಲಿ ಹಾರನ್ ಆಯಿತು. ಬಾಳೆಕಂದು ಕಟ್ಟಿದ ಫ್ಯಾಕ್ಟರಿ ಬಸ್ಸು. ಅವಳು ಚೀಲ ಹೆಗಲಿಗೇರಿಸಿ, ಕಟ್ಟನ್ನು ಕಂಕುಳಲ್ಲಿಟ್ಟು ನಡೆದೇಬಿಟ್ಟಳು. ನಾನು ಕುಂಕುಮದ ಬಟ್ಟಲು ಹಿಡಿದೇ ಬಾಗಿಲಿಗೆ ಬಂದೆ. ಭಾಯ್ ಕಡೆ ನೋಡಿದರೆ ಅವನು ಹಣೆಯ ಬೆವರು ಒರೆಸುತ್ತಿದ್ದ.

ಅವಳು ಬಸ್ಸು ಹತ್ತಲಿಲ್ಲ. ಮುಂದೆ ಹೋಗಿ ನಿಂತಳು. ಡ್ರೈವರು ಇಳಿದು ಬಂದು, ಇಬ್ಬರೂ ಸೇರಿ ಕಟ್ಟನ್ನು ಬಸ್ಸಿನ ಮೂತಿಗೆ ಬಿಗಿದರು. ಅವಳು ಹಿಂದಿನಿಂದ ದಾರ ಎಳೆದಳು. ಪೇಪರು ಬಿತ್ತು. ಇಡೀ ಟೇಕಲ್ ರಸ್ತೆಯನ್ನು ನನ್ನ ಮೆಳ್ಳೆಗಣ್ಣು ಎರಡು ದಿಕ್ಕಿಗೆ ನೋಡಿತು.

"ಡ್ರೈವರಣ್ಣ ವಾರದ ಹಿಂದೇನೇ ಕೇಳಿದ್ರು," ಎಂದಳು ವಾಪಸ್ ಬಂದು, ಚೀಲದಿಂದ ಹೊಸ ಕುಂಚಗಳ ಕಟ್ಟು ತೆಗೆಯುತ್ತಾ. "ಮುನ್ನೂರೂ ಹೋದ್ವು. ಇರ್ತೀನಿ." ಈಗ ದಿನಾ ಬೆಳಗ್ಗೆ ಆ ಬಸ್ಸು ನನ್ನನ್ನು ಕಟ್ಟಿಕೊಂಡು ಹೋಗುತ್ತದೆ, ಸಂಜೆ ತಂದು ಬಿಡುತ್ತದೆ.

ಇಲ್ಲಿಗೆ ನಿಲ್ಲಿಸುವವನಿದ್ದೆ. ಬರೆದದ್ದನ್ನು ಸೊಸೆ ಓದಿದಳು. ಹಾಲಿನ ಸಾಲಿನ ಭಾಗಕ್ಕೆ ಬಂದವಳು ಮತ್ತೊಮ್ಮೆ ಓದಿ, "ಮಾವ, ಪೇಜಿಂದ ಅಷ್ಟೇ ಅಳಿಸಿದ್ದು. ನನ್ನ ಫೋನಲ್ಲಿ ಇನ್ನೂ ಐತೆ. ಹಾಕ್ಲಾ?" ಎಂದಳು.

ಆದ್ದರಿಂದ ತಿದ್ದುಪಡಿ. ಹಾಲು ಅಳೆಯುವವನು ಕಿರುಚಲಿಲ್ಲ. ನಾನು ಎದ್ದು ನಿಂತಾಗ ಕಡ್ಡಿಯಿಂದ ಕಣ್ಣು ತೆಗೆಯದೆ, "ಏನಜ್ಜಾ, ನಿಂದೆಷ್ಟು ಲೀಟ್ರು?" ಎಂದ. ಬೆದರಿದ್ದು ಮೂಟೆ ಪಕ್ಕ ಕಟ್ಟಿದ್ದ ಎಮ್ಮೆ. ಅದು ಹಗ್ಗ ಹರಿದು ಅಟ್ಟಿಸಿಕೊಂಡು ಬಂತು. ಕಿರುಚಿ, ಚಪ್ಪಲಿ ಬಿಟ್ಟು, ಕ್ಯಾನುಗಳ ಮೇಲೆ ಹಾರಿ ರಸ್ತೆ ತನಕ ಓಡಿದವನು ನಾನು. ಲಕ್ಷ ಜನ ನೋಡಿದ್ದು ಅದನ್ನೇ. ಪಂಚೆ ಮೂಟೆಯ ಹತ್ತಿರವೇ ಉಳಿದಿತ್ತು.